ತೊಗಟೆಯ ಸಾಕ್ಷಿ

ಎಂಟನೇ ಶತಮಾನದ ಬೌದ್ಧ ತಾರ್ಕಿಕ ಧರ್ಮೋತ್ತರ ಒಬ್ಬ ಪೆದ್ದನ ಪ್ರಸಂಗ ಹೇಳುತ್ತಾನೆ. ಶಿಂಶಪಾ ಮರಗಳು ಹೇರಳವಾಗಿರುವ ಸೀಮೆ. ಪೆದ್ದನಿಗೆ ಅವುಗಳ ಪರಿಚಯವಿಲ್ಲ. ಯಾರೋ ಎತ್ತರದ ಶಿಂಶಪೆಯೊಂದನ್ನು ತೋರಿಸಿ ‘ಇದು ಮರ’ ಎನ್ನುತ್ತಾರೆ. ಅವನು ಮನಸ್ಸಿನಲ್ಲಿ ಗಂಟು ಹಾಕಿಕೊಳ್ಳುವುದು ಎತ್ತರವನ್ನು. ಮುಂದೆ ಗಿಡ್ಡನೆಯ ಶಿಂಶಪೆ ಎದುರಾದಾಗ ಇದು ಮರವಲ್ಲ ಎಂದು ತೀರ್ಮಾನಿಸಿಬಿಡುತ್ತಾನೆ.

ಧರ್ಮೋತ್ತರ ಇದನ್ನು ಹೇಳುವುದು ಧರ್ಮಕೀರ್ತಿಯ ‘ನ್ಯಾಯಬಿಂದು’ವಿಗೆ ಟೀಕೆ ಬರೆಯುವಾಗ. ಏಳನೇ ಶತಮಾನದ ಧರ್ಮಕೀರ್ತಿ ‘ಸ್ವಭಾವಹೇತು’ ಎಂಬ ಬಗೆಯ ಅನುಮಾನಕ್ಕೆ ಕೊಟ್ಟ ಉದಾಹರಣೆಯೇ ಶಿಂಶಪೆ. ಶಿಂಶಪೆಯಾಗಿರುವುದೊಂದೇ ಸಾಕು, ಅದು ಮರವೂ ಹೌದೆಂದು ಹೇಳಲು. ಎತ್ತರ, ದಪ್ಪ ಯಾವುದೂ ಬೇಕಿಲ್ಲ ಎಂಬುದು ಅವನ ವಾದ. ಈ ಶಿಂಶಪೆಯನ್ನು ಹೆಚ್ಚಿನ ವಿದ್ವಾಂಸರು ಉತ್ತರ ಭಾರತದ ಶೀಶಮ್ ಎಂದು ಗುರುತಿಸುತ್ತಾರೆ; ಸಸ್ಯಶಾಸ್ತ್ರದಲ್ಲಿ ಅದು ಡಾಲ್ಬರ್ಜಿಯಾ ಸಿಸ್ಸೂ. ವಾಲ್ಮೀಕಿಯ ಅಶೋಕವನದಲ್ಲಿ ಸೀತೆ ಕುಳಿತದ್ದು ಶಿಂಶಪೆಯ ಬುಡದಲ್ಲಿ, ಹನುಮಂತ ಅವಿತದ್ದು ಅದರ ಎಲೆಗಳ ಮರೆಯಲ್ಲಿ. ಬುದ್ಧ ಕೋಸಂಬಿಯಲ್ಲಿ ಒಂದು ಹಿಡಿ ಎಲೆ ಹಿಡಿದು, ಕೈಯಲ್ಲಿರುವುದು ಹೆಚ್ಚೋ ಮೇಲೆ ತೋಪಿನಲ್ಲಿರುವುದು ಹೆಚ್ಚೋ ಎಂದು ಭಿಕ್ಷುಗಳನ್ನು ಕೇಳಿದ್ದೂ ಶಿಂಶಪಾ ತೋಪಿನಲ್ಲೇ. ನಮ್ಮ ಮಲೆನಾಡಿನ ಬೀಟೆ ಅದೇ ಕುಲದ್ದು, ಡಾಲ್ಬರ್ಜಿಯಾ ಲ್ಯಾಟಿಫೋಲಿಯಾ. ತರ್ಕಶಾಸ್ತ್ರದ ಬಲು ಸೂಕ್ಷ್ಮವಾದ ಚರ್ಚೆಯೊಂದು ಹೀಗೆ ಬಾಗಿಲು, ಮಂಚಗಳಿಗೆ ಒದಗುವ ಗಟ್ಟಿಮರದ ಸುತ್ತ ನಡೆದಿದೆ.

ಆ ಚರ್ಚೆಯ ಪ್ರಶ್ನೆ ಇಷ್ಟು. ಕಣ್ಣೆದುರಿನ ವಸ್ತುವನ್ನು ‘ಇದು ಇಂಥದ್ದು’ ಎನ್ನಲು ಆಧಾರ ಯಾವುದು? ಆ ಆಧಾರ ವಸ್ತುವಿನೊಳಗೇ ಇದೆಯೋ, ನೋಡುವವರ ರೂಢಿಯಲ್ಲಿದೆಯೋ? ಮಠ, ವಿಹಾರಗಳಲ್ಲಿ ಶತಮಾನಗಟ್ಟಲೆ ನಡೆದ ಈ ಜಗ್ಗಾಟವನ್ನು ಕಾಡಿನಲ್ಲಿ ನಿಂತು ನೋಡಿದರೆ ಅದರ ಬಿಸಿ ಚೆನ್ನಾಗಿ ತಟ್ಟುತ್ತದೆ.

ಕಾಡಿಗೆ ಹೊಸದಾಗಿ ಕಾಲಿಟ್ಟವರೆಲ್ಲ ಧರ್ಮೋತ್ತರನ ಪೆದ್ದರೇ. ಶಾಲೆಯ ಪುಸ್ತಕ ಎಲೆ, ಹೂವು, ಕಾಯಿ ನೋಡಿ ಮರ ಗುರುತಿಸಲು ಹೇಳಿಕೊಡುತ್ತದೆ. ಭದ್ರಾ, ದಾಂಡೇಲಿಯ ಕಾಡಿನಲ್ಲಿ ಎಲೆಗಳಿರುವುದು ಕುತ್ತಿಗೆ ನೋಯುವಷ್ಟು ಎತ್ತರದಲ್ಲಿ. ಬೇಸಿಗೆ ಹತ್ತಿರವಾದರೆ ಅವೂ ಉದುರಿರುತ್ತವೆ. ಹೂವು ನಾಲ್ಕಾರು ವಾರದ ಮಾತು. ವರ್ಷವಿಡೀ ಕಣ್ಣಿನ ಮಟ್ಟದಲ್ಲಿ ಸಿಗುವುದು ತೊಗಟೆಯೊಂದೇ. ಅರಣ್ಯ ಇಲಾಖೆಯ ವಾಚರುಗಳು, ಜೇನು ಕೀಳುವವರು, ಸೀಗೆ ಅಂಟುವಾಳ ಆಯುವವರು ಮೊದಲು ನೋಡುವುದು ಅದನ್ನೇ.

ಮತ್ತಿ ಮರವನ್ನೇ ತೆಗೆದುಕೊಳ್ಳಿ. ಬೂದು ಕಪ್ಪು ಬಣ್ಣ. ಉದ್ದಕ್ಕೂ ಅಡ್ಡಕ್ಕೂ ಆಳವಾದ ಬಿರುಕು. ನಡುವೆ ಚೌಕ ಚೌಕವಾದ ಒರಟು ಬಿಲ್ಲೆಗಳು. ಇಂಗ್ಲಿಷರು ಇದಕ್ಕೆ ಮೊಸಳೆ ತೊಗಟೆಯ ಮರ ಎಂದೇ ಹೆಸರಿಟ್ಟರು. ಕಾಡುಬೆಂಕಿ ಹಾದುಹೋದರೂ ಒಳಗಿನ ಜೀವಪದರಕ್ಕೆ ಸುಲಭವಾಗಿ ಬಿಸಿ ತಾಗದಂತೆ ಈ ದಪ್ಪ ಕವಚ ತಡೆಯುತ್ತದೆ. ಪಕ್ಕದಲ್ಲೇ ನಂದಿ ನಿಂತಿದ್ದರೆ ಅದರ ಮೈ ಬೇರೆಯೇ: ನುಣುಪು, ಬಿಳಿಚು, ಹಳೆಯ ಸಿಪ್ಪೆ ಕಾಗದದಂತೆ ತೆಳ್ಳಗೆ ಸುಲಿದು ಬರುತ್ತಿರುತ್ತದೆ. ಹೊನ್ನೆಯ ಹೊರಮೈ ಅಷ್ಟೇನೂ ಮಾತಾಡುವುದಿಲ್ಲ. ಆದರೆ ಕತ್ತಿಯ ಮೊನೆಯಿಂದ ಸಣ್ಣ ಕಚ್ಚು ಹಾಕಿದರೆ ಗುಲಾಬಿ ಬಣ್ಣದ ಒಳತೊಗಟೆ ಕಾಣಿಸುತ್ತದೆ. ಸ್ವಲ್ಪ ಹೊತ್ತಿನಲ್ಲಿ ಗಾಯದಿಂದ ಕೆಂಪು ಅಂಟು ಜಿನುಗಿ, ಇಳಿದು, ಗಟ್ಟಿಯಾಗಿ ಕಪ್ಪುಗೆಂಪು ಹರಳಾಗುತ್ತದೆ. ಮರಕ್ಕೆ ರಕ್ತ ಬಂತು ಎಂದು ಬೆಚ್ಚುವವರು ಇಂದಿಗೂ ಇದ್ದಾರೆ. ಅದೇ ಹೊನ್ನೆಯ ಚೇಗಿನ ಚಕ್ಕೆಯನ್ನು ಲೋಟದ ನೀರಿನಲ್ಲಿ ನೆನೆಹಾಕಿ ಬೆಳಕಿಗೆ ಹಿಡಿದರೆ ನೀರಿಗೆ ಹಳದಿಯ ಜೊತೆ ನೀಲಿ ಹೊಳಪೂ ಬರುತ್ತದೆ.

ಇಷ್ಟು ಕಲಿತವನಿಗೆ ಧೈರ್ಯ ಬರುತ್ತದೆ. ನೈಯಾಯಿಕರು ಎಚ್ಚರಿಸುವುದು ಈ ಧೈರ್ಯದ ವಿಷಯದಲ್ಲೇ. ಲಕ್ಷಣ ಎಂದರೆ ಒಂದು ವಸ್ತುವಿಗೆ ಮಾತ್ರ ಸಲ್ಲುವ ಧರ್ಮ. ಅದಕ್ಕೆ ಮೂರು ದೋಷಗಳು ತಗಲಬಹುದು ಎನ್ನುತ್ತಾರೆ ಅವರು. ಇರಬೇಕಾದ ಕಡೆಯಲ್ಲೆಲ್ಲ ಇರದಿದ್ದರೆ ಅವ್ಯಾಪ್ತಿ. ಇರಬಾರದ ಕಡೆಯೂ ಇದ್ದರೆ ಅತಿವ್ಯಾಪ್ತಿ. ಎಲ್ಲಿಯೂ ಇರದಿದ್ದರೆ ಅಸಂಭವ. ಪಾಠಶಾಲೆಯ ಹುಡುಗರು ‘ತರ್ಕಸಂಗ್ರಹ’ ಓದುವಾಗ ಇವನ್ನು ಹಸುವಿನ ಉದಾಹರಣೆಯಿಂದ ಕಲಿಯುತ್ತಾರೆ: ಕೊಂಬಿರುವುದು ಹಸು ಎಂದರೆ ಎಮ್ಮೆಯೂ ಬಂತು, ಕಪಿಲ ಬಣ್ಣದ್ದು ಹಸು ಎಂದರೆ ಬಿಳಿ ಹಸು ಹೋಯಿತು. ಮರಗಳನ್ನು ಇಟ್ಟುಕೊಂಡು ಹೇಳಿಕೊಟ್ಟರೆ ಪಾಠ ಇನ್ನೂ ರುಚಿಸೀತು. ಮೊಸಳೆ ಚರ್ಮದಂಥ ತೊಗಟೆ ಮತ್ತಿಯ ಲಕ್ಷಣ ಎಂದರೆ ಬೀಡಿ ಎಲೆಯ ತೂಪ್ರ ಮರ ಬಂದು ನಿಲ್ಲುತ್ತದೆ. ಅದರ ತೊಗಟೆಯೂ ಕಪ್ಪು, ಚೌಕ ಬಿಲ್ಲೆಗಳದ್ದೇ. ಆಂಧ್ರದ ಶೇಷಾಚಲದ ಬೆಟ್ಟಗಳಿಗೆ ಹೋದರೆ ರಕ್ತಚಂದನವೂ ಅದೇ ವೇಷದಲ್ಲಿ ಎದುರಾಗುತ್ತದೆ. ಇದು ಅತಿವ್ಯಾಪ್ತಿ.

ಅವ್ಯಾಪ್ತಿಗೆ ಮತ್ತಿಯೇ ಇನ್ನೊಂದು ಉದಾಹರಣೆ ಒದಗಿಸುತ್ತದೆ. ಬೇಸಿಗೆಯಲ್ಲಿ ಕೆಲವು ಮತ್ತಿ ಮರಗಳ ಕಾಂಡದಲ್ಲಿ ನೀರು ತುಂಬಿರುತ್ತದೆ. 2024ರ ಮಾರ್ಚಿನಲ್ಲಿ ಆಂಧ್ರದ ಪಾಪಿಕೊಂಡ ರಾಷ್ಟ್ರೀಯ ಉದ್ಯಾನದಲ್ಲಿ ಅರಣ್ಯ ಸಿಬ್ಬಂದಿ ಒಂದು ಮರದ ಉಬ್ಬಿದ ಭಾಗಕ್ಕೆ ಕಚ್ಚು ಹಾಕಿದಾಗ ನಲ್ಲಿ ತಿರುಗಿಸಿದಂತೆ ನೀರು ಚಿಮ್ಮಿದ ದೃಶ್ಯ ಮೊಬೈಲಿನಿಂದ ಮೊಬೈಲಿಗೆ ಹಾರಿತು. ನೋಡಿದವರು ಮತ್ತಿ ಎಂದರೆ ನೀರಿನ ಮರ ಎಂದುಕೊಂಡರು. ಹಾಗೆಂದು ಕಂಡ ಮತ್ತಿಗೆಲ್ಲ ಕೊಡಲಿ ಹಾಕಿದರೆ ಬಾಯಾರಿಕೆಯೂ ತೀರದು, ಮರವೂ ಉಳಿಯದು. ನೀರಿರುವುದು ಕೆಲವಕ್ಕೆ ಮಾತ್ರ.

ಧರ್ಮಕೀರ್ತಿ ಒಂದು ಹೆಜ್ಜೆ ಮುಂದೆ ಹೋಗುತ್ತಾನೆ. ಎರಡು ಸಂಗತಿಗಳು ಜೊತೆಯಾಗಿ ಎಷ್ಟು ಸಾರಿ ಕಂಡರೂ ಅದರಿಂದಲೇ ಅವುಗಳ ನಡುವೆ ತಪ್ಪದ ಸಂಬಂಧವಿದೆ ಎನ್ನಲಾಗದು ಎಂಬುದು ಅವನ ಪಟ್ಟು. ನೆಲ್ಲಿಕಾಯಿ ಒಗರು ಎಂದು ಎಲ್ಲರಿಗೂ ಗೊತ್ತು; ಆದರೆ ಹಾಲೆರೆದು ಬೆಳೆಸಿದರೆ ಸಿಹಿ ಕಾಯಿ ಬಿಡಬಹುದಲ್ಲ ಎಂದು ಅವನೇ ಪ್ರಶ್ನೆ ಹಾಕುತ್ತಾನೆ. ಸ್ಥಳ, ಕಾಲ, ಆರೈಕೆ ಬದಲಾದರೆ ಕಂಡದ್ದೂ ಬದಲಾದೀತು. ನಂಬಬಹುದಾದ ಸಂಬಂಧಗಳು ಅವನ ಪ್ರಕಾರ ಎರಡೇ: ಒಂದು ಇನ್ನೊಂದರ ಸ್ವಭಾವವೇ ಆಗಿರಬೇಕು, ಇಲ್ಲವೇ ಅದರ ಕಾರ್ಯವಾಗಿರಬೇಕು, ಹೊಗೆ ಬೆಂಕಿಯ ಕಾರ್ಯವಾಗಿರುವ ಹಾಗೆ.

ಹಾಗಾದರೆ ತೊಗಟೆ ಮತ್ತು ಮರದ ಜಾತಿ ಇವೆರಡರ ಸಂಬಂಧ ಯಾವ ಬಗೆಯದು? ಸ್ವಭಾವವಂತೂ ಅಲ್ಲ. ತೊಗಟೆ ಸುಲಿದ ಹೊನ್ನೆಯೂ ಹೊನ್ನೆಯೇ. ಕಾರ್ಯವೆನ್ನಲು ಸ್ವಲ್ಪ ಆಸ್ಪದವಿದೆ. ಕಾಂಡ ವರ್ಷವರ್ಷವೂ ದಪ್ಪವಾಗುತ್ತದೆ. ಹೊರಗಿನ ಸತ್ತ ಪದರ ಹಿಗ್ಗಲಾರದು, ಒಡೆಯುತ್ತದೆ. ತೊಗಟೆಯನ್ನು ಹುಟ್ಟಿಸುವ ಒಳಪದರ ಕೆಲವು ಮರಗಳಲ್ಲಿ ಕಾಂಡದ ಸುತ್ತ ಒಂದೇ ಹಾಳೆಯಂತೆ ಹಬ್ಬುತ್ತದೆ, ಕೆಲವದರಲ್ಲಿ ಒಂದರ ಮೇಲೊಂದು ತೇಪೆಗಳಂತೆ ಮೂಡುತ್ತದೆ. ಮೊದಲನೆಯದು ಪಟ್ಟೆಯಾಗಿ ಸುಲಿಯುತ್ತದೆ, ಎರಡನೆಯದು ಹೆಕ್ಕಳೆಯಾಗಿ ಉದುರುತ್ತದೆ. ಸತ್ತ ಪದರವನ್ನು ಕಳಚದೆ ಹಿಡಿದಿಟ್ಟುಕೊಳ್ಳುವ ಮರಗಳಲ್ಲಿ ಬಿರುಕು ಆಳವಾಗುತ್ತ ಹೋಗುತ್ತದೆ. ಈ ಬೆಳವಣಿಗೆಯ ಚಾಳಿ ವಂಶದಿಂದ ಬಂದದ್ದು. ಬಿರುಕಿನ ವಿನ್ಯಾಸ ಆ ಚಾಳಿಯ ಫಲ. ಅಷ್ಟರಮಟ್ಟಿಗೆ ತೊಗಟೆ ಹೊಗೆಯಂತೆ ಸಾಕ್ಷಿ ಹೇಳುತ್ತದೆ. ಆದರೆ ವಯಸ್ಸು, ಬಿಸಿಲು, ತೇವ, ಬೆಂಕಿ, ದನ ಮೈಯುಜ್ಜಿದ್ದು, ಆನೆ ಸುಲಿದದ್ದು ಎಲ್ಲವೂ ಅದರ ಮೇಲೆ ತಮ್ಮ ಗುರುತು ಬಿಡುತ್ತವೆ. ಹತ್ತು ವರ್ಷದ ಎಳೆ ಮತ್ತಿಯ ಮೈಮೇಲೆ ಮುದಿ ಮತ್ತಿಯ ಬಿಲ್ಲೆಗಳನ್ನು ಹುಡುಕಿದರೆ ಸಿಗುವುದಿಲ್ಲ. ಎಳೆಯದನ್ನು ಮತ್ತಿಯಲ್ಲ ಎಂದವನು ಗಿಡ್ಡ ಶಿಂಶಪೆಯನ್ನು ಮರವಲ್ಲ ಎಂದವನ ಖಾಸಾ ತಮ್ಮ.

ಅನುಭವಸ್ಥರು ಎಡವುವುದು ಕಡಿಮೆ. ಇದಕ್ಕೆ ಕಾರಣ ಅವರ ಬಳಿ ಒಂದು ಗುಟ್ಟಿನ ಲಕ್ಷಣ ಇರುವುದಲ್ಲ, ಯಾವ ಲಕ್ಷಣವನ್ನು ಯಾವಾಗ ಕೈಬಿಡಬೇಕೆಂದು ತಿಳಿದಿರುವುದು. ಹೊನ್ನೆ ಮತ್ತು ಬೀಟೆಯನ್ನು ನೋಡಿ. ಎರಡಕ್ಕೂ ಸಂಯುಕ್ತ ಎಲೆ. ಐದರಿಂದ ಏಳು ಉಪಪತ್ರಗಳು. ಒಂದರ ಎದುರಿಗೊಂದಲ್ಲ, ಬಿಟ್ಟು ಬಿಟ್ಟು ಜೋಡಿಸಿದಂತೆ. ತುದಿಯಲ್ಲಿ ಸಣ್ಣ ಕಚ್ಚು. ಎಲೆ ಮಾತ್ರ ಕೈಗೆ ಕೊಟ್ಟರೆ ಬಲ್ಲವರೂ ತಡವರಿಸುತ್ತಾರೆ. ಕಾಯಿ ಸಿಕ್ಕಿದರೆ ಚರ್ಚೆಯೇ ಇಲ್ಲ: ಹೊನ್ನೆಯದು ನಡುವೆ ಬೀಜ, ಸುತ್ತ ರೆಕ್ಕೆ ಇರುವ ದುಂಡು ಬಿಲ್ಲೆ, ಬೀಟೆಯದು ಚಪ್ಪಟೆಯಾದ ಉದ್ದನೆಯ ಕೋಡು. ಕಾಯಿ ಇಲ್ಲದ ಕಾಲದಲ್ಲಿ ಕಚ್ಚು ಹಾಕಿ ಕೆಂಪು ಅಂಟಿಗೆ ಕಾಯುತ್ತಾರೆ. ಹೊಳೆಯ ದಂಡೆಯಲ್ಲಿ ಬಿಳಿಚು ನುಣುಪಿನ ಕಾಂಡ ಕಂಡರೆ ನಂದಿಗಿಂತ ಮೊದಲು ಹೊಳೆಮತ್ತಿಯ ಹೆಸರು ಬಾಯಿಗೆ ಬರುತ್ತದೆ. ನಿಂತ ಜಾಗವೂ ಸಾಕ್ಷಿಯೇ. ನ್ಯಾಯದರ್ಶನದ ಪ್ರಸಿದ್ಧ ಸಂಶಯವನ್ನು ನೆನೆಯಬಹುದು: ಮಬ್ಬಿನಲ್ಲಿ ಕಾಣುವುದು ಮೋಟು ಮರವೋ ಮನುಷ್ಯನೋ? ಎತ್ತರ, ಗಾತ್ರ ಎರಡಕ್ಕೂ ಸಮಾನವಾದ್ದರಿಂದ ಸಂಶಯ ಹುಟ್ಟುತ್ತದೆ. ಕೈಕಾಲು ಕಂಡರೆ ಮನುಷ್ಯ, ಡೊಂಕು ಪೊಟರೆ ಕಂಡರೆ ಮರ. ಆ ಕಾಲದ ಪಂಡಿತರೂ ಪೊಟರೆಯನ್ನು ಗಮನಿಸಿದ್ದರು ಎಂಬುದು ಸಂತೋಷದ ವಿಷಯ.

ಇನ್ನು ದೊಡ್ಡ ಜಗಳ. ಸಾವಿರ ಮತ್ತಿ ಮರಗಳನ್ನು ಒಂದೇ ಹೆಸರಿನಿಂದ ಕರೆಯುತ್ತೇವಲ್ಲ, ಆ ಸಾವಿರದಲ್ಲಿಯೂ ಇರುವ ಒಂದೇ ಒಂದು ‘ಮತ್ತಿತನ’ ಎಂಬುದಿದೆಯೇ? ಇದೆ, ಅದು ನಿತ್ಯ, ಅದೇ ಜಾತಿ ಅಥವಾ ಸಾಮಾನ್ಯ ಎಂದರು ನ್ಯಾಯ ವೈಶೇಷಿಕರು. ಮರ ಕಡಿದರೂ ಮತ್ತಿತನ ಕಡಿಯದು. ಬೌದ್ಧರು ನಕ್ಕರು. ಇರುವುದು ಒಂದೊಂದೇ ಬಿಡಿ ಮರ. ಮತ್ತಿ ಎಂಬ ಮಾತು ಮಾಡುವುದು ಮತ್ತಿಯಲ್ಲದವನ್ನು ಬದಿಗೆ ಸರಿಸುವ ಕೆಲಸವನ್ನು ಮಾತ್ರ, ಇದೇ ಅಪೋಹ ಎಂದರು. ಕೇಳಲು ಇದು ಬರಿಯ ವಿತಂಡವಾದದಂತೆ ಕಾಣುತ್ತದೆ. ಆದರೆ ಸಸ್ಯ ಗುರುತಿಸುವ ಕೈಪಿಡಿಯನ್ನು ಬಿಡಿಸಿದರೆ ಅಪೋಹವೇ ಕೆಲಸ ಮಾಡುತ್ತಿರುತ್ತದೆ. ಎಲೆ ಎದುರುಬದುರಾಗಿದೆಯೇ? ಹೌದಾದರೆ ಅರ್ಧ ಕಾಡು ಹೊರಗೆ. ಎಲೆಯ ಬೆನ್ನಿನಲ್ಲಿ, ನಡುನರದ ಬುಡದ ಬಳಿ ಎರಡು ಗ್ರಂಥಿಗಳಿವೆಯೇ? ಇದ್ದರೆ ನಂದಿ ಹೊರಗೆ. ಕಾಯಿಗೆ ಐದು ರೆಕ್ಕೆಗಳೇ? ಹಾಗಾದರೆ ಕಿಂದಳವೂ ಹೊರಗೆ. ಈ ಬಗೆಯ ಕವಲುಪ್ರಶ್ನೆಗಳ ಪದ್ಧತಿಯನ್ನು ಫ್ರಾನ್ಸಿನ ಲಾಮಾರ್ಕ್ 1778ರಲ್ಲಿ ತನ್ನ ನಾಡಿನ ಸಸ್ಯಗಳ ಗ್ರಂಥದಲ್ಲಿ ಬಳಸಿ ಜನಪ್ರಿಯಗೊಳಿಸಿದ. ಅವನಿಗೆ ಅಪೋಹವಾದಿ ದಿಙ್ನಾಗನ ಹೆಸರೂ ಗೊತ್ತಿರಲಾರದು.

ಕರ್ನಾಟಕದ ನೆಲದಲ್ಲಿ ಬೇರುಬಿಟ್ಟ ವೇದಾಂತಗಳು ನಿತ್ಯವಾದ ಜಾತಿ, ಅಪೋಹ ಎರಡನ್ನೂ ಒಪ್ಪಲಿಲ್ಲ ಎಂಬುದು ಹೆಚ್ಚು ಕುತೂಹಲದ ಸಂಗತಿ. ಮೇಲುಕೋಟೆಯಲ್ಲಿ ನೆಲೆಸಿದ್ದ ರಾಮಾನುಜರಿಗೆ ಜಾತಿ ಎಂದರೆ ಸಂಸ್ಥಾನ, ಅಂದರೆ ಅವಯವಗಳ ಜೋಡಣೆ. ಅದರ ಹಿಂದೆ ಇನ್ನೊಂದು ಅದೃಶ್ಯ ತತ್ವ ಬೇಕಿಲ್ಲ. ಉಡುಪಿಯ ಮಧ್ವರ ಪರಂಪರೆ ಇನ್ನೂ ಖಡಾಖಡಿ. ಅವರ ಐದು ಭೇದಗಳಲ್ಲಿ ಜಡಕ್ಕೂ ಜಡಕ್ಕೂ ಇರುವ ಭೇದವೂ ಒಂದು: ಈ ಮರ ಆ ಮರವಲ್ಲ, ಈ ಎಲೆ ಆ ಎಲೆಯಲ್ಲ. ಎಲ್ಲದರಲ್ಲೂ ಹೊಕ್ಕು ಕುಳಿತ ಒಂದೇ ಸಾಮಾನ್ಯವನ್ನು ಅವರು ಒಪ್ಪುವುದಿಲ್ಲ. ಹೋಲಿಕೆ ಸಾಕು, ಒಂದೇ ಹೆಸರು ನಡೆಯುವುದು ಸಾದೃಶ್ಯದ ಬಲದಿಂದ ಎನ್ನುತ್ತಾರೆ. ಇದೇ ಪರಂಪರೆಯ, ವಿಜಯನಗರದ ವ್ಯಾಸತೀರ್ಥರು ‘ತರ್ಕತಾಂಡವ’ದಲ್ಲಿ ನೈಯಾಯಿಕರ ಸಿದ್ಧಾಂತಗಳನ್ನು ಒಂದೊಂದಾಗಿ ಎತ್ತಿ ಜಾಡಿಸಿದರು. ಕಾಡಿನ ಮಟ್ಟಿಗೆ ಈ ಸಾದೃಶ್ಯವಾದವೇ ಹೆಚ್ಚು ಒಗ್ಗುತ್ತದೆ. ಕಂಡ ಮರ ಹಿಂದೆ ಕಂಡವುಗಳ ಸಾಲಿಗೆ ಸೇರುತ್ತದೋ ಇಲ್ಲವೋ ಎಂದು ವಾಚರ್ ನೋಡುತ್ತಾನೆಯೇ ಹೊರತು ನಿತ್ಯವಾದ ಮತ್ತಿತನವನ್ನು ಅರಸುವುದಿಲ್ಲ.

ಆದರೆ ಹೋಲಿಕೆಗೆ ಒಂದು ಕಾಟವಿದೆ: ಯಾವುದರ ಹೋಲಿಕೆ? ಮತ್ತಿಯೂ ಹೊಳೆಮತ್ತಿಯೂ ಟರ್ಮಿನೇಲಿಯಾ ಎಂಬ ಒಂದೇ ಕುಲದವು. ತೊಗಟೆ ನೋಡಿದರೆ ಒಂದು ಮೊಸಳೆ, ಇನ್ನೊಂದು ನುಣುಪು. ಸಂಬಂಧವೇ ಇಲ್ಲವೇನೋ ಎನ್ನಿಸುತ್ತದೆ. ಐದು ರೆಕ್ಕೆಯ ಕಾಯಿ ನೋಡಿದರೆ ಅಣ್ಣತಮ್ಮಂದಿರೆಂದು ಒಪ್ಪಲೇಬೇಕು. ತೊಗಟೆ ದೂರ ಎಂದದ್ದನ್ನು ಕಾಯಿ ಹತ್ತಿರ ಎನ್ನುತ್ತದೆ. ಸ್ವೀಡನ್ನಿನ ಲಿನೇಯಸ್ 1753ರಲ್ಲಿ ಗಿಡಗಳಿಗೆ ಎರಡು ಪದದ ಹೆಸರಿಡುವ ಕ್ರಮವನ್ನು ನೆಲೆಗೊಳಿಸಿದಾಗ ತೀರ್ಪಿನ ಕುರ್ಚಿಯಲ್ಲಿ ಹೂವನ್ನು ಕೂರಿಸಿದ, ಅದರಲ್ಲೂ ಕೇಸರಗಳ ಎಣಿಕೆಯನ್ನು. ಅಂದಿನಿಂದ ಒಣಗಿಸಿಟ್ಟ ಸಸ್ಯಮಾದರಿಗಳಲ್ಲಿ ಎಲೆ, ಹೂವು, ಕಾಯಿಗೆ ಜಾಗ. ತೊಗಟೆಗೆ ಹೆಚ್ಚೆಂದರೆ ಚೀಟಿಯ ಮೇಲೊಂದು ಸಾಲು. ಮರದ ಒಳರಚನೆಯನ್ನು ಹಾರ್ವರ್ಡಿನಲ್ಲಿ ಅಭ್ಯಾಸ ಮಾಡಿ ಬಂದ ಬಿ.ಜಿ.ಎಲ್. ಸ್ವಾಮಿ ಕನ್ನಡದಲ್ಲಿ ‘ಹಸುರು ಹೊನ್ನು’ ಬರೆದಾಗ ವಿದ್ಯಾರ್ಥಿಗಳನ್ನು ಕಾಡಿಗೆ ಕರೆದೊಯ್ದು ಗಿಡಗಳನ್ನು ಇದ್ದಲ್ಲೇ ತೋರಿಸುವ ದಾರಿ ಹಿಡಿದರು. ಹಾಳೆಗೆ ಅಂಟಿಸಿದ ರೆಂಬೆಯಲ್ಲಿ ಮರ ಇರುವುದಿಲ್ಲ ಎಂಬುದು ಅಂಥವರಿಗೆ ಬೇರೆ ಹೇಳಬೇಕಾದ ಮಾತಲ್ಲ.

ವಿಜ್ಞಾನದ ಹೆಸರುಗಳೂ ಕಲ್ಲಿನಲ್ಲಿ ಕೆತ್ತಿದವಲ್ಲ. 2005ರಲ್ಲಿ ವಿಯೆನ್ನಾದಲ್ಲಿ ಸೇರಿದ ಸಸ್ಯವಿಜ್ಞಾನಿಗಳ ಮಹಾಸಭೆ ಅಕೇಶಿಯಾ ಎಂಬ ಹೆಸರನ್ನು ಆಸ್ಟ್ರೇಲಿಯಾದ ಮರಗಳಿಗೆ ಉಳಿಸುವ ತೀರ್ಮಾನ ಕೈಗೊಂಡಿತು. 2011ರ ಮೆಲ್ಬರ್ನ್ ಸಭೆಯಲ್ಲಿ ಅದೇ ಉಳಿಯಿತು. ನಮ್ಮ ಕರಿಜಾಲಿ ವಾಚೆಲಿಯಾ ಆಯಿತು, ಕಾಚು ಕೊಡುವ ಕಗ್ಗಲಿ ಸೆನೆಗಾಲಿಯಾ ಆಯಿತು. ಹೊಲದ ಬದುವಿನ ಜಾಲಿಯ ಮುಳ್ಳು ಅಂದೂ ಅಷ್ಟೇ ಚೂಪಾಗಿತ್ತು. ಮತ್ತಿಗಂತೂ ಟೊಮೆಂಟೋಸಾ, ಅಲಾಟಾ, ಕ್ರೆನುಲಾಟಾ, ಎಲಿಪ್ಟಿಕಾ ಎಂದು ಬೇರೆ ಬೇರೆ ಪುಸ್ತಕಗಳು ಬೇರೆ ಬೇರೆ ಹೆಸರು ಕೊಡುತ್ತವೆ.

ಮರ ನಿಂತಿರುವವರೆಗೆ ಈ ಚರ್ಚೆಗೆ ಸಮಯವಿದೆ. ಕಡಿದು ನಾಟಾ ಆದ ಮೇಲೆ ತೊಗಟೆ, ಎಲೆ, ಕಾಯಿ ಯಾವುದೂ ಇರುವುದಿಲ್ಲ. ಆಚಾರಿ ಅಡ್ಡಕೊಯ್ತದ ಮೇಲೆ ಹತ್ತರಿ ಆಡಿಸಿ, ಒದ್ದೆ ಮಾಡಿ, ಮೂಸಿ ನೋಡುತ್ತಾನೆ. ತೇಗದಲ್ಲಿ ದೊಡ್ಡ ರಂಧ್ರಗಳು ವರ್ಷದುಂಗುರದ ಅಂಚಿಗೆ ಸಾಲುಗಟ್ಟಿರುತ್ತವೆ. ಬೀಟೆಯ ಚೇಗು ನೇರಳೆ ಮಿಶ್ರಿತ ಕಂದು, ನಡುವೆ ಕಪ್ಪು ಗೆರೆ. ಶ್ರೀಗಂಧದ ಕಳ್ಳರ ಸಮಸ್ಯೆ ಇದಕ್ಕೆ ತದ್ವಿರುದ್ಧ: ಬೆಲೆಯೆಲ್ಲ ಒಳಗಿನ ಚೇಗಿಗೆ, ಅದು ಎಷ್ಟಿದೆ ಎಂದು ತೊಗಟೆ ಬಾಯಿ ಬಿಡುವುದಿಲ್ಲ. ಅದಕ್ಕೇ ಅವರು ಕಾಂಡಕ್ಕೆ ತೂತು ಕೊರೆದು ನೋಡುತ್ತಾರೆ. ಅನುಮಾನ ಸಾಲದಿದ್ದಾಗ ಪ್ರತ್ಯಕ್ಷಕ್ಕೆ ಮೊರೆಹೋಗುವ ಈ ತಾರ್ಕಿಕರಿಗೆ ಶಿಷ್ಯರ ಕೊರತೆಯೂ ಇಲ್ಲ.

ಮತ್ತೆ ಶಿಂಶಪೆಯ ವಂಶಕ್ಕೇ ಬರೋಣ. ಡಾಲ್ಬರ್ಜಿಯಾ ಕುಲದಲ್ಲಿ ಸುಮಾರು 300 ಪ್ರಭೇದಗಳಿವೆ. ಬ್ರೆಜಿಲಿನ ಒಂದು ಪ್ರಭೇದದ ವ್ಯಾಪಾರವನ್ನು 1992ರಲ್ಲೇ ಅಂತರರಾಷ್ಟ್ರೀಯ ಒಪ್ಪಂದ ನಿಷೇಧಿಸಿತ್ತು. ಆದರೆ ಬಂದರಿನಲ್ಲಿ ನಿಂತ ಕಸ್ಟಮ್ಸ್ ಅಧಿಕಾರಿಗೆ ದಿಮ್ಮಿ ನೋಡಿ ಇದು ಯಾವ ಪ್ರಭೇದ ಎಂದು ಹೇಳುವುದು ಹೇಗೆ? ಸೂಕ್ಷ್ಮದರ್ಶಕ ಬಹುಪಾಲು ಕುಲದವರೆಗೆ ಕರೆದೊಯ್ದು ಅಲ್ಲೇ ಬಿಡುತ್ತದೆ. 2016ರಲ್ಲಿ ಆ ಒಪ್ಪಂದದ ಜೋಹಾನ್ಸ್‌ಬರ್ಗ್ ಸಭೆಯಲ್ಲಿ ಇಡೀ ಕುಲವನ್ನೇ ನಿಯಂತ್ರಣದ ಪಟ್ಟಿಗೆ ಸೇರಿಸಿದರು. 2017ರ ಜನವರಿಯಿಂದ ಜಾರಿಗೆ ಬಂತು. ವಿಶೇಷವನ್ನು ಕಾಣಲಾರದ ಕಾನೂನು ಸಾಮಾನ್ಯವನ್ನು ಹಿಡಿದುಕೊಂಡಿತು. ಮೈಸೂರಿನ ಕೆತ್ತುಕುಸುರಿಯ ಬೀಟೆ, ಅಳಿವಿನ ಭಯ ಅಷ್ಟಾಗಿ ಇಲ್ಲದ ಉತ್ತರದ ಶೀಶಮ್, ಎರಡೂ ಒಂದೇ ಬಲೆಗೆ ಬಿದ್ದವು. ಶೀಶಮ್ ಕುಶಲಕರ್ಮಿಗಳಿಗೆ ಸ್ವಲ್ಪ ಉಸಿರಾಡಲು ಸಿಕ್ಕಿದ್ದು 2022ರ ಪನಾಮಾ ಸಭೆಯಲ್ಲಿ: ಒಂದೊಂದು ವಸ್ತುವಿನ ಮರದ ತೂಕ 10 ಕಿಲೋಗಿಂತ ಕಡಿಮೆಯಿದ್ದರೆ ಸಡಿಲಿಕೆ. ಧರ್ಮಕೀರ್ತಿಯ ಉದಾಹರಣೆಗೂ ಈ ಕುಲ ಒಂದು ಕೀಟಲೆ ಮಾಡುತ್ತದೆ. ಶಿಂಶಪೆಯಾದರೆ ಮರ, ನಿಜ. ಆದರೆ ಡಾಲ್ಬರ್ಜಿಯಾ ಆದರೆ ಮರವೇ ಆಗಬೇಕಿಲ್ಲ. ಪಶ್ಚಿಮ ಘಟ್ಟದ ಡಾಲ್ಬರ್ಜಿಯಾ ಹಾರಿಡಾ ಮುಳ್ಳಿನ ದಪ್ಪ ಬಳ್ಳಿ.

ಈಗ ಡಿಎನ್‌ಎ ಬಂದಿದೆ. ಮರದ ರಾಸಾಯನಿಕ ಛಾಪನ್ನು ಕ್ಷಣದಲ್ಲಿ ಓದುವ ಯಂತ್ರಗಳೂ ಇವೆ. ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಂಥ ಕಡೆಗಳಲ್ಲಿ ಹೆಸರು ಬರೆದಿಟ್ಟ ಮರದ ತುಂಡುಗಳ ಸಂಗ್ರಹವಿದೆ. ವಿವಾದದ ದಿಮ್ಮಿಯ ಚೂರನ್ನು ಅಂಥ ತುಂಡುಗಳ ಜೊತೆ ಹೋಲಿಸಿ ಅಭಿಪ್ರಾಯ ಕೊಡುತ್ತಾರೆ. ಹೋಲಿಸುವುದು ಉಪಮಾನ. ಆದರೆ ಪೆಟ್ಟಿಗೆಯಲ್ಲಿರುವ ಆ ತುಂಡಿಗೆ ಬೀಟೆ ಎಂಬ ಚೀಟಿ ಅಂಟಿದ್ದು ಹೇಗೆ? ಎಂದೋ ಒಬ್ಬರು ಕಾಡಿನಲ್ಲಿ ನಿಂತ ಮರದ ತೊಗಟೆ ಮುಟ್ಟಿ, ಕಾಯಿ ಆಯ್ದು, ಜೊತೆಗಿದ್ದ ಊರವನನ್ನು ಕೇಳಿ, ಹೆಸರು ಬರೆದು ಕಳಿಸಿದ್ದರಿಂದ. ನೈಯಾಯಿಕರ ಉಪಮಾನದ ಪಾಠದಲ್ಲೂ ಪಟ್ಟಣಿಗ ಕಾಡಿನಲ್ಲಿ ಗವಯ ಎಂಬ ಪ್ರಾಣಿಯನ್ನು ಗುರುತಿಸುವುದು, ಅದು ಹಸುವನ್ನು ಹೋಲುತ್ತದೆಂದು ಅಡವಿಯವನೊಬ್ಬ ಮೊದಲೇ ಹೇಳಿರುವುದರಿಂದ. ಆ ಮೊದಲ ಚೀಟಿ ತಪ್ಪಾಗಿದ್ದರೆ ಯಂತ್ರವೂ ಅದೇ ತಪ್ಪನ್ನು ದಶಮಾಂಶದ ನಾಲ್ಕನೇ ಅಂಕೆಯವರೆಗೆ ನಿಖರವಾಗಿ ಹೇಳುತ್ತದೆ.